ಕುಡಿಯೋದ್ ಬಿಟ್ಟ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಗಿದೆ, ಇದು ಮಾಮೂಲಾ?

ಗ್ರಿಲ್ ಕೆಲಸದವ

ಎಲ್ರಿಗೂ ನಮಸ್ಕಾರ. ನಂದು ತುಮಕೂರು ಜಿಲ್ಲೆ, ಸಣ್ಣ ವೆಲ್ಡಿಂಗ್ ಶಾಪ್ ಇದೆ, ಗೇಟು ಗ್ರಿಲ್ಲು ಶೀಟ್ ಹೊದಿಸೋ ಕೆಲಸ. ತುಂಬಾ ವರ್ಷದಿಂದ ಕುಡೀತಿದ್ದೆ, ಮೊದ್ಲು ಸಾಯಂಕಾಲ ಒಂದು ನೈಂಟಿ, ಆಮೇಲೆ ಕ್ವಾರ್ಟರು, ಕೊನೆಕೊನೆಗೆ ಬೆಳಗ್ಗೆ ಎದ್ದ ತಕ್ಷಣ ಕೈ ನಡುಗೋದು, ಒಂದಿಷ್ಟು ಹಾಕ್ಕೊಳ್ದೆ ಹೋದ್ರೆ ವೆಲ್ಡಿಂಗ್ ಹೋಲ್ಡರ್ ಹಿಡಿಯಕ್ಕೂ ಆಗ್ತಿರ್ಲಿಲ್ಲ. ಆಸ್ಪತ್ರೆಲಿ ಅಡ್ಮಿಟ್ ಆಗಿ ಬಿಟ್ಟಿದ್ದು, ಈಗ ಆರು ತಿಂಗಳ ಹತ್ರ ಬಂತು, ಒಂದು ತೊಟ್ಟೂ ಮುಟ್ಟಿಲ್ಲ.

ಸಮಸ್ಯೆ ಏನಂದ್ರೆ ಸಿಟ್ಟು. ಸುಮ್ ಸುಮ್ನೆ ಬರುತ್ತೆ. ಹುಡುಗ ಶಾಪಿಗೆ ಹತ್ತು ನಿಮಿಷ ಲೇಟಾಗಿ ಬಂದ್ರೆ ಸಿಟ್ಟು, ಕಸ್ಟಮರ್ ಬ್ಯಾಲೆನ್ಸ್ ದುಡ್ಡು ನಾಳೆ ಕೊಡ್ತೀನಿ ಅಂದ್ರೆ ಸಿಟ್ಟು, ಟಿವಿ ಸೌಂಡ್ ಜಾಸ್ತಿ ಇದ್ರೂ ಮೈಯೆಲ್ಲಾ ಉರಿಯುತ್ತೆ. ಎಲ್ಲಕ್ಕಿಂತ ಜಾಸ್ತಿ ಮನೆಗೆ ಹೋದಾಗ. ನನ್ನ ಹೆಂಡತಿ ಬಾಗ್ಲಲ್ಲೇ ಟಿಫನ್ ಬಾಕ್ಸ್ ಈಸ್ಕೊಳ್ಳೋ ನೆಪದಲ್ಲಿ ಹತ್ರ ಬಂದು ಬಾಯಿ ವಾಸನೆ ನೋಡ್ತಾಳೆ, ನಂಗೆ ಗೊತ್ತಾಗಲ್ಲ ಅನ್ಕೊಂಡಿದಾಳೆ. ಬಾಮೈದ ಯಾವ ಫಂಕ್ಷನ್ನಿಗೆ ಹೋದ್ರೂ ನಾಲ್ಕ್ ಜನರ ಮುಂದೆ "ಭಾವ ಎಷ್ಟ್ ದಿನ ಬಿಡ್ತಾರೆ ನೋಡೋಣ" ಅಂತಾನೆ. ಎಟಿಎಂ ಕಾರ್ಡು ಇನ್ನೂ ನನ್ ಕೈಗೆ ಕೊಟ್ಟಿಲ್ಲ.

ಹೋದ ವಾರ ಊಟಕ್ಕೆ ಕೂತಿದ್ದಾಗ ಯಾವ್ದೋ ಮಾತಿಗೆ ತಟ್ಟೆ ತಳ್ಳಿಬಿಟ್ಟೆ, ಸಾರೆಲ್ಲಾ ಗೋಡೆಗೆ ಹೋಯ್ತು. ಮಗಳು ಎಂಟನೇ ಕ್ಲಾಸು, ಅಲ್ಲೇ ಓದ್ಕೋತಿದ್ಲು, ಪುಸ್ತಕ ಎತ್ಕೊಂಡು ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ್ಳು. ನನ್ನ ಹೆಂಡತಿ ನೆಲ ಒರೆಸ್ತಾ ಒಂದೇ ಮಾತು ಅಂದ್ಳು, "ಕುಡೀತಿದ್ದಾಗ್ಲೇ ವಾಸಿ ಇತ್ತು, ಕುಡ್ದು ಬಂದು ಮಲಗ್ತಿದ್ರಿ" ಅಂತ. ಅವತ್ತಿಂದ ಆ ಮಾತು ತಲೇಲಿ ಕೂತಿದೆ.

ಬಿಟ್ಟ ಮೇಲೆ ಮನುಷ್ಯ ಶಾಂತ ಆಗ್ಬೇಕಲ್ವಾ, ನಂದ್ಯಾಕೆ ಉಲ್ಟಾ? ನುಂಗ್ಕೊಂಡ್ರೆ ರಾತ್ರಿಯೆಲ್ಲಾ ಎದೆ ಬಿಗಿದಂಗೆ ಆಗಿ ನಿದ್ದೆ ಬರಲ್ಲ, ನುಂಗ್ಕೊಳ್ದೆ ಇದ್ರೆ ಹಿಂಗೆ ತಟ್ಟೆ ಹಾರುತ್ತೆ. ಇಂಥದ್ದು ದಾಟಿ ಬಂದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಫಿಟ್ ಹುಡುಗ

ಅಣ್ಣ, ಮೊದ್ಲು ಕಂಗ್ರಾಟ್ಸ್, ಆರು ತಿಂಗಳು ಅಂದ್ರೆ ಸುಮ್ನೆ ಅಲ್ಲ. ನನ್ನ ಪ್ರಕಾರ ಸಿಟ್ಟು ಒಳಗೆ ಇಟ್ಕೊಳ್ಳಲೇಬಾರದು, ಹೊರಗೆ ಹಾಕ್ಬೇಕು. ಹತ್ರದಲ್ಲಿ ಯಾವ್ದಾದ್ರೂ ಜಿಮ್ ಸೇರ್ಕೊಳ್ಳಿ, ಪಂಚಿಂಗ್ ಬ್ಯಾಗ್ ಇರುತ್ತೆ, ಆ ಬಾಮೈದನ ಮುಖ ನೆನೆಸ್ಕೊಂಡು ಅರ್ಧ ಗಂಟೆ ಹೊಡೀರಿ, ಎಲ್ಲಾ ಇಳಿದೋಗುತ್ತೆ. ಜಿಮ್ ಇಲ್ಲ ಅಂದ್ರೆ ದಿಂಬಿಗೆ ಹೊಡೀರಿ.

ಮಲೆನಾಡಿನ ಹಿರಿಯ

ನಾನು ಶಿವಮೊಗ್ಗದವನು, ಬಿಟ್ಟು ಇಪ್ಪತ್ತು ವರ್ಷ ದಾಟ್ತು, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟೋರು ಸೇರೋ ಗುಂಪು) ಮೀಟಿಂಗಿಗೆ ಈಗ್ಲೂ ಹೋಗ್ತೀನಿ. ಹೊಸಬರು ಬಂದಾಗ ಮೂರ್ನಾಲ್ಕು ತಿಂಗಳು ಕಳೀತಿದ್ದ ಹಾಗೆ ಇದೇ ಪ್ರಶ್ನೆ ಕೇಳ್ತಾರೆ, ನೀವೊಬ್ರೇ ಅಲ್ಲ. ಮೊದಲ ಒಂದೆರಡು ತಿಂಗಳು ಬಿಟ್ಟೆ ಅನ್ನೋ ಖುಷಿಲೇ ಕಳೆದುಹೋಗುತ್ತೆ, ಮನೆಯವರೂ ತಲೆ ಮೇಲೆ ಹೊತ್ಕೊಂಡು ನೋಡ್ಕೋತಾರೆ. ಆಮೇಲೆ ಎಲ್ಲಾ ಮಾಮೂಲಿ ಆಗುತ್ತಲ್ಲ, ಸಾಲ ಅಲ್ಲೇ ಇದೆ, ಜನರ ಮಾತು ಅಲ್ಲೇ ಇದೆ, ಆದ್ರೆ ಸಾಯಂಕಾಲ ಅದನ್ನೆಲ್ಲ ಮರೆಸ್ತಿದ್ದ ಬಾಟ್ಲಿ ಮಾತ್ರ ಇಲ್ಲ. ಅಷ್ಟು ವರ್ಷ ಬೇಜಾರಾದ್ರೂ ಅವಮಾನ ಆದ್ರೂ ಒಂದೇ ಮದ್ದು ಅಂತ ಕುಡಿದಿದ್ದೀವಿ, ಹಾಗಾಗಿ ಸಿಟ್ಟನ್ನ ಬೇರೆ ಹೇಗೆ ಇಳಿಸ್ಕೋಬೇಕು ಅನ್ನೋದನ್ನ ನಾವು ಕಲೀಲೇ ಇಲ್ಲ. ಮಗಳ ವಯಸ್ಸಲ್ಲಿ ಕಲೀಬೇಕಾಗಿದ್ದನ್ನ ಈಗ ಕಲೀಬೇಕು, ಅದಕ್ಕೆ ಟೈಮ್ ಬೇಕು.

ನಮ್ಮ ಮೀಟಿಂಗಲ್ಲಿ ಹೊಸಬರಿಗೆ ಹೇಳೋದು ನಾಲ್ಕು ವಿಷಯ: ಹಸಿವು, ಸಿಟ್ಟು, ಒಂಟಿತನ, ಸುಸ್ತು. ಈ ನಾಲ್ಕರಲ್ಲಿ ಎರಡು ಒಟ್ಟಿಗೆ ಬಂದ್ರೆ ಹುಷಾರು. ನೀವು ಮಧ್ಯಾಹ್ನ ಸರಿಯಾಗಿ ಊಟ ಮಾಡ್ತೀರಾ? ಕೆಲಸದ ಮೇಲಿರೋರು ಮೂರು ಟೀ ಎರಡು ಬನ್ನಲ್ಲಿ ದಿನ ತಳ್ಳಿಬಿಡ್ತಾರೆ, ಏಳು ಗಂಟೆಗೆ ಮನೆ ಬಾಗಿಲಿಗೆ ಬರೋವಾಗ ಹೊಟ್ಟೆ ಖಾಲಿ, ಮೈ ಸುಸ್ತು, ಅದೂ ಅಲ್ದೆ ಅದೇ ಏಳು ಗಂಟೆ ಅಂದ್ರೆ ನೀವು ಮೊದಲು ಕುಡಿಯಕ್ಕೆ ಕೂರ್ತಿದ್ದ ಹೊತ್ತು. ಶಾಪಿಂದ ಹೊರಡೋ ಮುಂಚೆ ಬಾಳೆಹಣ್ಣೋ ಇಡ್ಲಿನೋ ಏನಾದ್ರೂ ತಿಂದು ಹೊರಡಿ. ಚಿಕ್ಕ ವಿಷಯ ಅನ್ಸುತ್ತೆ, ಮಾಡಿ ನೋಡಿ, ಬಾಗ್ಲಲ್ಲಿ ಆಗೋ ಜಗಳ ಅರ್ಧಕ್ಕರ್ಧ ಕಮ್ಮಿ ಆಗುತ್ತೆ.

ಇನ್ನೊಂದು. ನುಂಗ್ಕೊಂಡ ಸಿಟ್ಟು ಎಲ್ಲೂ ಹೋಗಲ್ಲ, ಹಗೆ ಆಗಿ ಕೂತ್ಕೊಳ್ಳುತ್ತೆ. ವರ್ಷಗಟ್ಟಲೆ ಬಿಟ್ಟೋರು ಮತ್ತೆ ಕುಡಿದಿದ್ದನ್ನ ನಾನು ನೋಡಿದ್ದೀನಿ, ಹಿಂದೆ ಹೋಗಿ ಕೇಳಿದ್ರೆ ಬಾಯಿ ಬಿಟ್ಟು ಹೇಳ್ದೆ ಇದ್ದ ಒಂದು ಸಿಟ್ಟು ಇರುತ್ತೆ, ಅಣ್ಣನ ಮೇಲೋ, ಆಸ್ತಿ ಭಾಗದ ಮೇಲೋ, ಹೆಂಡತಿ ತವರಿನ ಮೇಲೋ. ಎಎಯಲ್ಲಿ ಕುಡಿತದಿಂದ ಹೊರಗೆ ಬರಕ್ಕೆ ಹನ್ನೆರಡು ಹೆಜ್ಜೆ ಅಂತ ಇವೆ, ಅದರ ನಾಲ್ಕನೇದರಲ್ಲಿ ಇದನ್ನೇ ಬರೆಯೋದು. ಒಂದು ನೋಟ್ ಬುಕ್ ತಗೊಂಡು ಮೂರು ಸಾಲು ಹಾಕಿ: ಯಾರ ಮೇಲೆ ಸಿಟ್ಟು, ಯಾಕೆ, ಅದರಿಂದ ನಂಗೆ ಎಲ್ಲಿ ಪೆಟ್ಟು ಬಿತ್ತು, ದುಡ್ಡಿಗಾ ಮರ್ಯಾದೆಗಾ ಭಯಕ್ಕಾ. ಬಾಮೈದನ ಹೆಸರು ಬರೆದು ಎದುರಿಗೆ ಬರೆದು ನೋಡಿ. "ನಾಲ್ಕ್ ಜನರ ಮುಂದೆ ಮಾನ ಹೋಯ್ತು" ಅಂತ ಬರುತ್ತೆ ಅನ್ಸುತ್ತೆ. ಹೆಂಡತಿ ಎದುರಿಗೆ "ನನ್ನ ಮೇಲೆ ನಂಬಿಕೆ ಇಲ್ಲ" ಅಂತ ಬರುತ್ತೆ. ಆಗ ಗೊತ್ತಾಗುತ್ತೆ ಕೆಳಗಡೆ ಇರೋದು ನಾಚಿಕೆ, ಮೇಲಕ್ಕೆ ಬರೋವಾಗ ಸಿಟ್ಟಾಗಿ ಬರ್ತಿದೆ ಅಂತ. ನಾಚಿಕೆಯನ್ನ ಬಾಯಿ ಬಿಟ್ಟು ಹೇಳ್ಕೋಬಹುದು, ತಟ್ಟೆ ಎಸೆಯೋದು ಬೇಕಾಗಲ್ಲ.

ವಾರ್ಡ್ ಸಿಸ್ಟರ್

ನಾನು ಡೀಅಡಿಕ್ಷನ್ ವಾರ್ಡಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದೀನಿ, ಡಾಕ್ಟರ್ ಅಲ್ಲ, ಅಷ್ಟು ತಿಳ್ಕೊಂಡು ಓದಿ. ಹಿರಿಯರು ಮನಸ್ಸಿನ ಕಡೆದು ಹೇಳಿದ್ರು, ನಾನು ಮೈ ಕಡೆದು ಹೇಳ್ತೀನಿ, ಯಾಕಂದ್ರೆ ಇದು ನಿಮ್ಮ ಗುಣ ಕೆಟ್ಟಿದ್ದರಿಂದ ಆಗ್ತಿರೋದು ಅಂತ ನೀವೂ ಮನೆಯವರೂ ಅನ್ಕೋಬಾರದು.

ನಮ್ಮ ಮೆದುಳಲ್ಲಿ ಗಾಬಾ ಅನ್ನೋ ರಾಸಾಯನಿಕ ಇದೆ, ಅದರ ಕೆಲಸ ಶಾಂತ ಮಾಡೋದು. ಗ್ಲುಟಮೇಟ್ ಅಂತ ಇನ್ನೊಂದು, ಅದು ಎಬ್ಬಿಸೋದು. ಮದ್ಯ ಒಳಗೆ ಹೋದ್ರೆ ಗಾಬಾ ಕೆಲಸ ಜೋರಾಗುತ್ತೆ, ಗ್ಲುಟಮೇಟ್ ಅದುಮಿಟ್ಟಂಗೆ ಆಗುತ್ತೆ, ಅದಕ್ಕೇ ಹಾಯಾಗಿರೋದು. ವರ್ಷಗಟ್ಟಲೆ ದಿನಾ ಕುಡಿದ್ರೆ ಮೆದುಳು ಅದಕ್ಕೆ ಹೊಂದ್ಕೊಂಡು ತನ್ನ ಕಡೆಯಿಂದ ಗಾಬಾ ಕಮ್ಮಿ ಮಾಡಿ ಗ್ಲುಟಮೇಟ್ ಜಾಸ್ತಿ ಮಾಡ್ಕೊಂಡಿರುತ್ತೆ. ಒಂದಿನ ಮದ್ಯ ನಿಂತುಹೋದ್ರೆ ಎಬ್ಬಿಸೋದು ಮಾತ್ರ ಉಳಿಯುತ್ತೆ. ಮೊದಲ ದಿನಗಳ ನಡುಕ, ಬೆವರು, ಫಿಟ್ಸ್ ಎಲ್ಲಾ ಅದೇ. ಅದು ಒಂದು ವಾರದಲ್ಲಿ ಇಳಿದ್ರೂ ನಿದ್ದೆ ಕೆಡೋದು, ಸಣ್ಣ ಸಣ್ಣದಕ್ಕೆ ರೇಗೋದು, ಸೌಂಡ್ ತಡ್ಕೊಳ್ಳಕ್ಕೆ ಆಗ್ದೆ ಇರೋದು ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಆರು ತಿಂಗಳಾದ್ಮೇಲೂ ಇರುತ್ತೆ, ಬಂದು ಬಂದು ಹೋಗುತ್ತೆ. ಟಿವಿ ಸೌಂಡಿಗೆ ಮೈ ಉರಿಯುತ್ತೆ ಅಂದ್ರಲ್ಲ, ಅದನ್ನ ಓದಿದ ತಕ್ಷಣ ನಂಗೆ ಇದೇ ಹೊಳೆದಿದ್ದು. ದಿನ ಕಳೆದಂಗೆ ಕಮ್ಮಿ ಆಗುತ್ತೆ, ಆದ್ರೆ ಕುಡಿದ್ರೆ ಮತ್ತೆ ಮೊದಲಿಂದ ಶುರು.

(ಈಗಷ್ಟೇ ಬಿಡ್ತಿರೋರು ಇದನ್ನ ಓದ್ತಿದ್ರೆ ಒಂದು ಮಾತು. ಬಿಟ್ಟ ಮೊದಲ ವಾರದಲ್ಲಿ ಸಿಟ್ಟಿನ ಜೊತೆಗೆ ಜ್ವರ, ಗಲಿಬಿಲಿ, ಇಲ್ಲದ್ದು ಕಾಣೋದು ಕೇಳೋದು ಇದ್ರೆ ಅದನ್ನ ಸಿಟ್ಟು ಅಂತ ಮನೇಲಿ ಇಟ್ಕೋಬೇಡಿ, ಅದು ಎಮರ್ಜೆನ್ಸಿ, ಪ್ರಾಣಕ್ಕೆ ಅಪಾಯ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.)

ಫಿಟ್ ಹುಡುಗ, ನೀವು ಒಳ್ಳೇ ಮನಸ್ಸಿಂದ ಹೇಳಿದ್ದು, ಆದ್ರೆ ಬ್ಯಾಗ್ ಹೊಡಿಯೋ ಸಲಹೆ ಬೇಡ. ಇದನ್ನ ಪರೀಕ್ಷೆ ಮಾಡಿ ನೋಡಿದಾರೆ. 2002ರಲ್ಲಿ ಬ್ರಾಡ್ ಬುಶ್ಮನ್ ಅನ್ನೋ ಮನಃಶಾಸ್ತ್ರಜ್ಞರು 600 ಕಾಲೇಜು ವಿದ್ಯಾರ್ಥಿಗಳಿಗೆ ಬೇಕಂತ ಸಿಟ್ಟು ಬರಿಸಿ, ಕೆಲವರ ಕೈಲಿ ಸಿಟ್ಟು ಬರಿಸಿದವನನ್ನ ನೆನೆಸ್ಕೊಂಡು ಬ್ಯಾಗ್ ಹೊಡಿಸಿದ್ರು, ಕೆಲವರನ್ನ ಸುಮ್ನೆ ಕೂರಿಸಿದ್ರು. ಹೊಡೆದವರಿಗೆ ಸಿಟ್ಟು ಜಾಸ್ತಿ ಉಳೀತು, ಸುಮ್ನೆ ಕೂತವರಿಗೆ ಕಮ್ಮಿ. 2024ರಲ್ಲಿ ಇಂಥ 154 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ್ಲೂ ಅದೇ ಬಂತು, ಬ್ಯಾಗ್ ಹೊಡಿಯೋದು, ಓಡೋದು ಇಂಥ ಮೈ ಬಿಸಿ ಏರಿಸೋ ಕೆಲಸದಿಂದ ಸಿಟ್ಟು ಇಳಿಯಲ್ಲ, ಉಸಿರಾಟ, ಧ್ಯಾನ, ಯೋಗ, ಮೈ ಸಡಿಲ ಬಿಡೋದು ಇಂಥದ್ದರಿಂದ ಇಳಿಯುತ್ತೆ. ಓಟ ಹೃದಯಕ್ಕೆ ಒಳ್ಳೇದೇ, ಬೇರೆ ಹೊತ್ತಲ್ಲಿ ಓಡ್ಲಿ, ಸಿಟ್ಟು ನೆತ್ತಿಗೇರಿದಾಗ ಅದು ಮದ್ದಲ್ಲ ಅಷ್ಟೇ.

ಈಗ ಮಾಡೋದೇನು. ಸಿಟ್ಟಿಗೆ 1ರಿಂದ 10 ನಂಬರ್ ಕೊಡಿ. ಇದು ನನ್ನ ಐಡಿಯಾ ಅಲ್ಲ, ಚಟ ಬಿಟ್ಟವರಿಗೆ ಅಂತಲೇ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಮಾಡಿರೋ 12 ವಾರದ ಕೋರ್ಸಲ್ಲಿ ಇದೇ ಮೊದಲ ಪಾಠ. 10 ಅಂದ್ರೆ ಕೈ ಮೀರಿದ್ದು, ತಟ್ಟೆ ಹಾರಿದ್ದು. ನೀವು ಬರೆದಿದ್ದು ನೋಡಿದ್ರೆ ನಿಮಗೆ ಸಿಟ್ಟು ಬಂದಿದೆ ಅಂತ ಗೊತ್ತಾಗೋದೇ 8 ದಾಟಿದ ಮೇಲೆ. 8ರಲ್ಲಿ ಯಾವ ಬುದ್ಧಿಯೂ ಕೆಲಸ ಮಾಡಲ್ಲ. 3, 4ರಲ್ಲಿ ಹಿಡೀಬೇಕು. ಅದಕ್ಕೆ ಮೈ ಏನು ಮಾಡುತ್ತೆ ನೋಡ್ಕೊಳ್ಳಿ: ದವಡೆ ಕಚ್ಕೊಳ್ಳೋದು, ಕಿವಿ ಬಿಸಿ ಆಗೋದು, ಹೆಗಲು ಮೇಲಕ್ಕೆ ಬರೋದು, ಒಂದೇ ಮಾತು ಎರಡೆರಡು ಸಲ ಹೇಳೋದು, ಮನಸ್ಸಲ್ಲಿ "ಇವಳು ಬೇಕಂತಲೇ ಮಾಡ್ತಾಳೆ" ಅಂತ ಶುರು ಆಗೋದು. ನಿಮ್ಮ ಮೊದಲ ಗುರುತು ಯಾವ್ದು ಅಂತ ಒಂದು ವಾರ ಗಮನಿಸಿ, ಒಬ್ಬೊಬ್ಬರದು ಒಂದೊಂದು ಇರುತ್ತೆ.

ಆ ಗುರುತು ಕಂಡ ತಕ್ಷಣ ಮಾತು ನಿಲ್ಸಿ. ಮೂಗಲ್ಲಿ ನಾಲ್ಕು ಎಣಿಸೋವಷ್ಟು ಉಸಿರು ತಗೊಂಡು ಆರು ಎಣಿಸೋವಷ್ಟು ನಿಧಾನಕ್ಕೆ ಬಿಡಿ, ಬಿಡೋದು ಉದ್ದ ಇರ್ಲಿ, ಐದು ನಿಮಿಷ. ಮುಖಕ್ಕೆ ತಣ್ಣೀರು ಹಾಕ್ಕೊಳ್ಳಿ. ಮೈ ಇಳಿದ ಮೇಲೆ ಮಾತಾಡಿ, ಆದ್ರೆ ಮಾತಾಡಿ. ಇಳೀತು ಅಂತ ಬಿಟ್ಟುಬಿಟ್ರೆ ಹಿರಿಯರು ಹೇಳಿದ ಹಗೆ ಆಗುತ್ತೆ. ಮಾತಾಡೋವಾಗ "ನೀನು ಯಾವಾಗ್ಲೂ ಹಿಂಗೇ" ಅನ್ನೋದ್ ಬಿಟ್ಟು "ನೀನು ವಾಸನೆ ನೋಡಿದಾಗ ನಂಗೆ ಬೇಜಾರಾಗುತ್ತೆ" ಅಂತ ಆಗಿದ್ದು ಮತ್ತೆ ಅನ್ಸಿದ್ದು ಎರಡೇ ಹೇಳಿ.

ಕೊನೇದು, ನಿದ್ದೆ. ನಿದ್ದೆ ಬರಲ್ಲ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ತಗೋಬೇಡಿ, ಅದರಲ್ಲಿ ಎಷ್ಟೋ ಮಾತ್ರೆ ಮದ್ಯ ಮುಟ್ಟೋ ಗಾಬಾನೇ ಮುಟ್ಟೋದು, ಒಂದು ಬಿಟ್ಟು ಇನ್ನೊಂದಕ್ಕೆ ಬೀಳ್ತೀರಿ. ಆರು ತಿಂಗಳಾದ್ಮೇಲೂ ನಿದ್ದೆ ಕೆಟ್ಟು ಸಿಟ್ಟು ಇದ್ರೆ ಒಳಗೆ ಡಿಪ್ರೆಶನ್ ಇರಬಹುದು, ಥೈರಾಯ್ಡ್ ಇರಬಹುದು, ತೋರಿಸಿ. ಜಿಲ್ಲಾಸ್ಪತ್ರೆಲಿ ಮಾನಸಿಕ ವಿಭಾಗ ಇದೆ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತೆ. ಫೋನಲ್ಲೇ ಮಾತಾಡ್ಬೇಕು ಅಂದ್ರೆ 14416, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಎರಡು ಗಂಟೆಗೆ ಮಾಡಿದ್ರೂ ಎತ್ತುತ್ತಾರೆ, ದುಡ್ಡಿಲ್ಲ. ಎದೆ ಬಿಗಿಯೋದನ್ನೂ ಒಂದು ಸಲ ಡಾಕ್ಟರಿಗೆ ಹೇಳಿ, ಸಿಟ್ಟಿಂದ್ಲೇ ಅಂತ ನಾವೇ ತೀರ್ಮಾನ ಮಾಡೋದ್ ಬೇಡ.

ಗ್ರಿಲ್ ಕೆಲಸದವ

ಸಿಸ್ಟರ್, ಹಿರಿಯರೇ, ಇಬ್ಬರಿಗೂ ಕೈ ಮುಗೀತೀನಿ. ಮೆದುಳಿನ ವಿಷಯ ಓದಿ ನನ್ನ ಹೆಂಡತಿಗೂ ಓದಿಸ್ದೆ. ಮಧ್ಯಾಹ್ನದ ಊಟದ ವಿಷಯ ಹಿರಿಯರು ಹೇಳಿದ್ದು ಸರಿ, ಕೆಲಸ ಇದ್ದ ದಿನ ಊಟ ನಾಲ್ಕು ಗಂಟೆಗೆ, ಇಲ್ಲಾಂದ್ರೆ ಇಲ್ಲವೇ ಇಲ್ಲ.

ಒಂದು ತೊಡಕಿದೆ. ಮಾತು ನಿಲ್ಸಿ ಅಂತ ಸಿಸ್ಟರ್ ಹೇಳಿದ್ರು, ನಾನು ನಿಲ್ಸಿ ಹೊರಗೆ ಹೋಗೋಣ ಅಂತ ಚಪ್ಪಲಿ ಹಾಕ್ಕೊಂಡ್ರೆ ಅವಳು ಬಾಗಿಲಿಗೆ ಅಡ್ಡ ನಿಂತ್ಕೋತಾಳೆ. ಮೊದಲೆಲ್ಲಾ ಜಗಳ ಆಡಿ ಹೊರಗೆ ಹೋದ್ರೆ ನಾನು ಹೋಗ್ತಿದ್ದಿದ್ದು ಬಾರಿಗೇ, ಅದು ಅವಳಿಗೂ ಗೊತ್ತು. ಅಡ್ಡ ನಿಂತಾಗ ನಂಗೆ ಇನ್ನೂ ತಲೆ ಕೆಡುತ್ತೆ, 5ರಲ್ಲಿದ್ದಿದ್ದು ನೇರ 9. ನಮ್ಮ ಬೀದಿ ತಿರುಗಿದ್ರೆ ವೈನ್ ಸ್ಟೋರ್ ಬೇರೆ ಇದೆ. ಇದಕ್ಕೇನ್ ಮಾಡ್ಲಿ?

ಹುಬ್ಬಳ್ಳಿ ಅಕ್ಕ

ತಮ್ಮಾ, ನಾ ನಿಮ್ಮ ಹೆಂಡ್ತಿ ಜಾಗಾದಾಗ ಕುಂತು ಬರ್ಯಾಕತ್ತೀನಿ. ನಮ್ಮನಿಯವ್ರು ಬಿಟ್ಟು ಭಾಳ ವರ್ಷ ಆತು, ಆದ್ರ ಬಿಟ್ಟ ಮೊದಲನೇ ವರ್ಷ ಮಾತ್ರ ನಾನು ನನ್ನ ಮಕ್ಕಳು ಮನ್ಯಾಗ ಬೆರಳ ತುದಿ ಮ್ಯಾಲೆ ನಡೀತಿದ್ವಿ. ಅದಕ್ಕ ಹೇಳ್ತೀನಿ ಕೇಳ್ರಿ.

ಬಾಯಿ ವಾಸನಿ ನೋಡೂದು ನಿಮ್ಮನ್ನ ಕೀಳ ಮಾಡಾಕ ಅಲ್ಲ, ಆಕಿ ಹೆದರಿಕಿಗೆ ನೋಡ್ತಾಳ. ಇಷ್ಟ ವರ್ಷ ಸಂಜಿ ಆತಂದ್ರ ಗೇಟಿನ ಸಪ್ಪಳಾ ಕೇಳಿ, ಚಪ್ಪಲ್ ಬಿಡೂ ರೀತಿ ಕೇಳಿ, ಇವತ್ತ ಹೆಂಗ ಅದಾರ ಅಂತ ಅಂದಾಜ ಮಾಡಿ ಜೀವಾ ಉಳಿಸ್ಕೊಂಡಾಕಿ ಆಕಿ. ನೀವು ಆರ ತಿಂಗಳದಾಗ ಬಿಟ್ರಿ ಅಂತ ಆಕಿ ಕಿವಿ ಆರ ತಿಂಗಳದಾಗ ಸುಮ್ನಾಗೂದಿಲ್ಲ. ನಂಬಿಕಿ ನಿಧಾನಕ್ಕ ಬರ್ತದ, ಕೇಳಿದ್ರ ಬರೂದಿಲ್ಲ.

ಹೊರಗ ಹೋಗೂ ವಿಷಯ ಅಂತೂ ನಮ್ಮನ್ಯಾಗೂ ಇದ ಆಗಿತ್ತು. ಕೌನ್ಸೆಲರ್ ಮುಂದ ಕುಂತು ಒಂದು ಕರಾರ ಮಾಡ್ಕೊಂಡ್ವಿ. ಸಿಟ್ಟ ಇಲ್ಲದ ಹೊತ್ನ್ಯಾಗ ಮಾಡ್ಕೋಬೇಕ್ರಿ, ಜಗಳದಾಗ ಅಲ್ಲ. ಅವ್ರಿಗೆ ಸಿಟ್ಟ ಏರಾಕತ್ತಿದ್ರ "ನಾ ಮ್ಯಾಲೆ ಹೋಗ್ತೀನಿ, ಅರ್ಧಾ ತಾಸಿನ್ಯಾಗ ಬರ್ತೀನಿ" ಅಂತ ಹೇಳೂದು. ಮ್ಯಾಲೆ ಅಂದ್ರ ಮಾಳಗಿ ಮ್ಯಾಲೆ, ಬೀದಿಗೆ ಅಲ್ಲ. ರೊಕ್ಕ ಗಾಡಿ ಕೀಲಿ ಕೆಳಗ ಇಟ್ಟ ಹೋಗೂದು, ಫೋನ್ ಅಷ್ಟ ಒಯ್ಯೂದು. ನಾ ಅಡ್ಡ ನಿಂದ್ರೂದಿಲ್ಲ, ಬೆನ್ನ ಹತ್ತೂದಿಲ್ಲ, ಕೊನೀ ಮಾತ ನಂದ ಆಗ್ಬೇಕಂತ ಹಿಂದಿಂದ ಒದರೂದಿಲ್ಲ. ಅರ್ಧಾ ತಾಸಿಗೆ ಅವ್ರು ಬಂದ ಬರಬೇಕು, ಬಂದ ಮ್ಯಾಲೆ ಅವತ್ತ ರಾತ್ರಿನ ಆ ಮಾತ ಮುಗಸಬೇಕು, ಮುಗೀಲಿಲ್ಲಂದ್ರ ನಾಳೆ ಮುಂಜಾನಿ ಚಹಾ ಕುಡಿಯೂ ಹೊತ್ತಿಗೆ ಅಂತರ ಟೈಮ್ ಹೇಳಬೇಕು. ಮೊದಮೊದಲ ಅವ್ರು ಮ್ಯಾಲೆ ಹೋದಾಗ ನನ್ನ ಕಣ್ಣು ಗಡಿಯಾರದ ಮ್ಯಾಲೆ. ಅವ್ರು ಹೇಳಿದ ಟೈಮಿಗೆ ಇಳದ ಬಂದಂಗ ಬಂದಂಗ ನನ್ನ ಹೆದರಿಕಿ ಕಡಿಮಿ ಆತು. ಹೋಗೂದಕ್ಕಿಂತ ತಿರುಗಿ ಬರೂದು ಮುಖ್ಯ, ಅದನ್ನ ತಪ್ಪಸಬ್ಯಾಡ್ರಿ.

ವಾಸನಿ ವಿಷಯಕ್ಕೂ ಒಂದು ದಾರಿ ಐತಿ. ಆಕಿ ಕದ್ದು ನೋಡೂದಕ್ಕಿಂತ ನೀವ ಒಳಗ ಬಂದ ಕೂಡಲೆ ಆಕಿ ಮುಂದ ನಿಂತು "ಇವತ್ತೂ ಇಲ್ಲ" ಅಂತ ಹೇಳ್ರಿ. ಡಾಕ್ಟರ್ ನಿಮಗ ಡೈಸಲ್ಫಿರಾಮ್ (ಕುಡದ್ರ ಮೈಗೆ ಆಗದಂಗ ಮಾಡೂ ಗುಳಿಗಿ) ಬರದಿದ್ರ ಅದನ್ನ ಆಕಿ ಕೈಲೆ, ಆಕಿ ಮುಂದ ತಗೊಳ್ರಿ. ಆದ್ರ ಇದನ್ನ ಓದೂ ಹೆಣ್ಮಕ್ಕಳಿಗೆ ಒಂದ ಮಾತ, ಆ ಗುಳಿಗಿ ಅವ್ರಿಗೆ ಗೊತ್ತಾಗದಂಗ ಸಾರಿನ್ಯಾಗ ಹಾಕೂ ಕೆಲ್ಸ ಯಾರೂ ಮಾಡಬ್ಯಾಡ್ರಿ. ಅದರ ಮ್ಯಾಲೆ ಕುಡದ್ರ ಮುಖ ಕೆಂಪಾಗಿ ವಾಂತಿ ಆಗಿ ಬಿಪಿ ಬಿದ್ದು ಜೀವಾ ಹೋಗಬಹುದು.

ಇನ್ನೊಂದ ಮಾತ ನೇರ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೆದುಳಿನ ರಾಸಾಯನಿಕ ಐತಿ, ಖರೆ. ಸಿಟ್ಟು ಬರೂದು ನಿಮ್ಮ ಕೈಯಾಗಿಲ್ಲ, ಅದೂ ಖರೆ. ತಾಟ ಎಸಿಯೂದು ನಿಮ್ಮ ಕೈಯಾಗ ಐತಿ. ಶಾಪಿನ್ಯಾಗ ರೊಕ್ಕ ಕೊಡಲಾರದ ಗಿರಾಕಿ ಮ್ಯಾಲೆ ನೀವು ಸಾಮಾನ ಎಸದಿಲ್ಲಲ್ಲ, ಅಲ್ಲಿ ತಡಕೊಂಡ್ರಿ. ಮನ್ಯಾಗೂ ತಡಕೋಬಹುದು. ಮಗಳು ಚಿಲಕ ಹಾಕ್ಕೊಂಡ್ಲು ಅಂದ್ರಿ, ಆ ಕೂಸಿನ ಕಡೆ ಹೋಗಿ "ನಾ ಮಾಡಿದ್ದು ತಪ್ಪು, ನಿನ್ನ ತಪ್ಪಲ್ಲ" ಅಂತ ಹೇಳೀರೇನು? ಕಾರಣ ಹೇಳಾಕ ಹೋಗಬ್ಯಾಡ್ರಿ, ಅಷ್ಟ ಹೇಳ್ರಿ. ಮತ್ತ ಯಾರ ಮನ್ಯಾಗರ ಇದು ತಾಟ ದಾಟಿ ಮೈ ಮುಟ್ಟೂ ಮಟಾ ಹೋಗಿದ್ರ, ಅವ್ರು ಬಿಟ್ಟಾರ ಪಾಪ ಅಂತ ಹೆಣ್ಮಕ್ಕಳು ಸುಮ್ನ ಕುಂದ್ರೂದ ಬ್ಯಾಡ, 181 ಮಹಿಳಾ ಸಹಾಯವಾಣಿ ಐತಿ, ಅವಸರ ಇದ್ರ 112.

ಫಿಟ್ ಹುಡುಗ

ಸಿಸ್ಟರ್, ಬ್ಯಾಗ್ ವಿಷಯ ನಂಗೆ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಅಣ್ಣ, ಅಕ್ಕ ಹೇಳಿದ ಕರಾರು ಮಾಡಿ, ನಂಗೂ ಅದೇ ಸರಿ ಅನ್ಸ್ತು.

ಕರಾವಳಿ

ಬಾಮೈದನಿಗೆ ಏನು ಉತ್ತರ ಕೊಡುವುದು ಅಂತ ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ. ನಾನು ಬಿಟ್ಟದ್ದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ, ಊರಿನ ಸಭಾಭವನದಲ್ಲಿ ಎಂಟು ದಿವಸ ಅಲ್ಲೇ ಇರುವುದು, ಮನೆಯವರನ್ನೂ ಕರೆಸಿ ಕೂರಿಸ್ತಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಉಂಟು, ಬಿಟ್ಟವರೆಲ್ಲ ಸೇರಿ ಕೂತು ಮಾತಾಡುವುದು. ಅಲ್ಲಿ ನಾವು ಜಾಸ್ತಿ ಮಾತಾಡಿದ್ದು ಇದನ್ನೇ ಮಾರಾಯ್ರೆ, ಮದುವೆ ಮನೆಯಲ್ಲಿ, ಕೋಲದಲ್ಲಿ, ಬಸ್ ಸ್ಟ್ಯಾಂಡಲ್ಲಿ ಜನ ಹೇಳುವ ಮಾತು. "ಈಗ ನೀನು ಸ್ವಾಮಿ ಆಗಿದ್ದೀಯಲ್ವಾ" ಅಂತ ಒಬ್ಬ, "ಒಂದು ಬಿಯರ್‌ಗೆ ಏನಾಗ್ತದೆ" ಅಂತ ಇನ್ನೊಬ್ಬ.

ಅಲ್ಲೇ ಉತ್ತರ ಕೊಡ್ಲಿಕ್ಕೆ ಹೋದ್ರೆ ಜಗಳ ಆಗ್ತದೆ, ಸುಮ್ಮನಿದ್ರೆ ರಾತ್ರಿ ಪೂರ್ತಿ ಅದೇ ತಿರುಗ್ತದೆ. ಹಾಗಾಗಿ ಒಂದು ಮಾತು ಮೊದಲೇ ಬಾಯಿಪಾಠ ಮಾಡಿ ಇಟ್ಕೊಳ್ಳಬೇಕು, ಸಮಿತಿಯಲ್ಲಿ ನಾವು ಒಬ್ಬರನ್ನ ಬಾಮೈದನ ಹಾಗೆ ಕೂರಿಸಿ ಪ್ರಾಕ್ಟೀಸೇ ಮಾಡಿದ್ದುಂಟು. ನಾನು ಹೇಳ್ತಿದ್ದದ್ದು ಇಷ್ಟೇ, "ಇವತ್ತು ಕುಡಿದಿಲ್ಲ, ಊಟಕ್ಕೆ ಕೂರುವ." ಸ್ವರ ಏರಿಸದೆ, ನಗೆ ಮಾಡದೆ. ಆಮೇಲೆ ಎರಡು ದಿನ ಬಿಟ್ಟು ಒಬ್ಬನೇ ಸಿಕ್ಕಿದಾಗ ಹತ್ತಿರ ಕೂರಿಸಿ ಹೇಳಿ, ಜನರ ಎದುರು ಹಾಗೆ ಹೇಳಬೇಡ, ನನಗೆ ಕಷ್ಟ ಆಗ್ತದೆ ಅಂತ. ನನ್ನ ಭಾವ ಒಬ್ಬರು ಹಾಗೆ ಹೇಳಿದ ಮೇಲೆ ನಿಲ್ಲಿಸಿದ್ರು. ಇನ್ನೊಬ್ಬ ಸಂಬಂಧಿಕ ನಿಲ್ಲಿಸ್ಲೇ ಇಲ್ಲ, ಅವರ ಮನೆ ಕಾರ್ಯಕ್ರಮಕ್ಕೆ ಒಂದು ವರ್ಷ ನಾನು ಹೋಗ್ಲಿಲ್ಲ, ಹೆಂಡತಿ ಮಕ್ಕಳು ಮಾತ್ರ ಹೋಗಿ ಬಂದ್ರು. ಹೋಗದಿದ್ರೆ ಏನೂ ಆಗೋದಿಲ್ಲ. ಬಿಟ್ಟ ಮೊದಲ ವರ್ಷದಲ್ಲಿ ಎಲ್ಲಾ ಕಡೆ ಹೋಗಿ ಎಲ್ಲರ ಮಾತು ಕೇಳಬೇಕು ಅಂತ ಯಾರೂ ಬರೆದಿಟ್ಟಿಲ್ಲ.

ಗಿರಾಕಿ ಬ್ಯಾಲೆನ್ಸ್ ಕೊಡದ್ದು ಬೇರೆ ವಿಷಯ, ಅದು ನ್ಯಾಯವಾದ ಸಿಟ್ಟು. ಅದಕ್ಕೆ ಉಸಿರಾಟ ಮಾಡಿ ಕೂತರೆ ಹಣ ಬರುವುದಿಲ್ಲ. ಇನ್ನು ಮುಂದೆ ಅರ್ಧ ಅಡ್ವಾನ್ಸ್ ಇಲ್ಲದೆ ಕಬ್ಬಿಣ ಕತ್ತರಿಸಬೇಡಿ, ಗೇಟ್ ಫಿಟ್ಟಿಂಗಿನ ದಿನವೇ ಪೂರ್ತಿ ಹಣ ಅಂತ ಬಿಲ್ಲಿನಲ್ಲೇ ಬರೆದುಕೊಡಿ. ಕುಡಿಯುವಾಗ ನಮಗೆ ಸಾಯಂಕಾಲದ ಖರ್ಚಿಗೆ ಸಿಕ್ಕಿದ್ರೆ ಸಾಕಿತ್ತು, ವ್ಯವಹಾರ ಗಟ್ಟಿ ಮಾಡಿರ್ಲಿಲ್ಲ. ಸಿಟ್ಟು ಕೆಲವೊಮ್ಮೆ ಸರಿಯಾದ ಜಾಗವನ್ನೇ ತೋರಿಸ್ತದೆ, ಅಲ್ಲಿ ಕೆಲಸ ಮಾಡಬೇಕು.

ಗ್ರಿಲ್ ಕೆಲಸದವ

ಅಕ್ಕಾ, ನೀವು ಬರೆದಿದ್ದನ್ನ ಎರಡು ಸಲ ಓದಿ ಆಮೇಲೆ ಅವಳ ಕೈಗೆ ಫೋನ್ ಕೊಟ್ಟೆ. ಗೇಟಿನ ಸೌಂಡು, ಚಪ್ಪಲಿ ಬಿಡೋ ಸೌಂಡು ಅಂತ ಬರೆದಿದ್ರಲ್ಲ, ಅದನ್ನ ಓದಿ ಅವಳು ತುಂಬಾ ಅತ್ಳು. ನಿನ್ನೆ ಭಾನುವಾರ ಇಬ್ರೂ ಕೂತು ಕರಾರು ಬರೆದಿದೀವಿ, ಮಗಳ ನೋಟ್ ಬುಕ್ಕಿನ ಹಾಳೇಲಿ. ನಮ್ಮದು ಶೀಟಿನ ಮನೆ, ಮಾಳಿಗೆ ಇಲ್ಲ, ಹಿತ್ಲಲ್ಲಿ ನೀರಿನ ತೊಟ್ಟಿ ಹತ್ರ ಕಟ್ಟೆ ಇದೆ, ಅಲ್ಲಿಗೆ ಹೋಗೋದು ಅಂತ ಆಗಿದೆ. ಪರ್ಸು, ಬೈಕ್ ಕೀ ಟಿವಿ ಮೇಲೆ. ಇಪ್ಪತ್ತು ನಿಮಿಷ. ಅವಳು ಹಿತ್ಲ ಬಾಗ್ಲಿಗೆ ಬರಲ್ಲ ಅಂತ ಒಪ್ಕೊಂಡಿದಾಳೆ. ವಾಸನೆ ಬದ್ಲು ನಾನೇ ಹೇಳ್ತೀನಿ ಅಂದೆ, ಹೇಳಿ ಆದ್ರೆ ನಂಗೆ ಅನುಮಾನ ಬಂದ್ರೆ ಕೇಳ್ತೀನಿ, ಮುಚ್ಚುಮರೆ ಇಲ್ದೆ ಕೇಳ್ತೀನಿ ಅಂದ್ಳು, ಅದೂ ಸರಿನೇ.

ಮಗಳ ಹತ್ರ ಇನ್ನೂ ಮಾತಾಡಿಲ್ಲ. ಇವತ್ತು ಸ್ಕೂಲಿಂದ ಕರ್ಕೊಂಡ್ ಬರಕ್ಕೆ ನಾನೇ ಹೋಗ್ತೀನಿ, ದಾರೀಲಿ ಹೇಳ್ತೀನಿ, ಕಾರಣ ಹೇಳಲ್ಲ.

ನನ್ನ ಮೊದಲ ಗುರುತು ದವಡೆ ಸಿಸ್ಟರ್, ಶಾಪಲ್ಲಿ ಹುಡುಗನೇ ಹೇಳ್ದ, "ಅಣ್ಣ ನೀವು ಬಯ್ಯೋ ಮುಂಚೆ ಹಲ್ಲು ಕಚ್ತೀರ" ಅಂತ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗೋಣ ಅಂತಿದೀನಿ. ಡಾಕ್ಟರ್ ಹತ್ರ ಏನೇನ್ ಹೇಳ್ಬೇಕು?

ವಾರ್ಡ್ ಸಿಸ್ಟರ್

ಡಿಸ್ಚಾರ್ಜ್ ಸಮ್ಮರಿ, ಈಗ ತಗೋತಿರೋ ಎಲ್ಲಾ ಮಾತ್ರೆಯ ಸ್ಟ್ರಿಪ್ಪು ತಗೊಂಡು ಹೋಗಿ, ಆಯುರ್ವೇದ ನಾಟಿ ಔಷಧಿ ಇದ್ರೆ ಅದನ್ನೂ. ಎಷ್ಟು ವರ್ಷ ಎಷ್ಟು ಕುಡೀತಿದ್ರಿ ಅಂತ ಕಮ್ಮಿ ಮಾಡ್ದೆ ಹೇಳಿ. ರಾತ್ರಿ ಎಷ್ಟೊತ್ತಿಗೆ ಮಲಗ್ತೀರಿ ಎಷ್ಟೊತ್ತಿಗೆ ಎಚ್ಚರ ಆಗುತ್ತೆ, ದಿನಕ್ಕೆ ಎಷ್ಟು ಕಾಫಿ ಟೀ, ಬೀಡಿ ಸಿಗರೇಟು ಗುಟ್ಕಾ ಇದ್ರೆ ಅದು, ಎದೆ ಬಿಗಿತ ಕೆಲಸ ಮಾಡುವಾಗ ಬರುತ್ತಾ ಮಲಗಿದಾಗ ಬರುತ್ತಾ, ಇವೆಲ್ಲಾ ಹೇಳಿ. ಜೀವನ ಸಾಕು ಅನ್ನೋ ಯೋಚನೆ ಯಾವಾಗಾದ್ರೂ ಬಂದಿದ್ರೆ ಸಂಕೋಚ ಪಡ್ದೆ ಅದನ್ನೂ ಹೇಳಿ. ಎದೆ ಬಿಗಿತ ಜೋರಾಗಿ ಕೈಗೋ ದವಡೆಗೋ ಹರಿದ್ರೆ, ಬೆವರು ಬಂದ್ರೆ, ಮಂಗಳವಾರದವರೆಗೆ ಕಾಯ್ಬೇಡಿ, ಅವತ್ತೇ ಹೋಗಿ. ನಿಮ್ಮ ಮನೆಯವರು ಬರಕ್ಕೆ ಒಪ್ಪಿದ್ರೆ ಅವರನ್ನೂ ಕರ್ಕೊಂಡು ಹೋಗಿ, ನಿಮಗೆ ಕಾಣ್ದೆ ಇರೋದು ಅವರಿಗೆ ಕಂಡಿರುತ್ತೆ, ಅವರಿಗೂ ಕೇಳೋದು ಇರುತ್ತೆ.